ಮಣ್ಣೂರ ದೋಣಿಗೆ ನಾನೆಳೆದ ಎರಡು ಗೆರೆ

ನನ್ನನ್ನು ಮಣ್ಣೂರಿನಲ್ಲಿ ಕೊಟ್ಟದ್ದು ದೋಣಿಯ ಮನೆಗೆ. ಊರವರು ನಮ್ಮ ಮನೆಯನ್ನು ಹಾಗೆಯೇ ಕರೆಯುತ್ತಿದ್ದರು. ಭೀಮಾ ಹೊಳೆಯ ಈಚೆ ದಂಡೆ ಮೊಗಲಾಯಿ, ಅಂದರೆ ನಿಜಾಮ ಸೀಮೆ. ಆಚೆ ದಂಡೆ ಇಂಗ್ರೇಜಿ. ಎರಡರ ನಡುವೆ ಓಡಾಡುವ ದೊಡ್ಡ ಕಟ್ಟಿಗೆಯ ದೋಣಿಯ ಗುತ್ತಿಗೆ ನಮ್ಮ ಮಾವನವರದು. ಅವರಪ್ಪನ ಕಾಲದಿಂದಲೂ ಅದು ಆ ಮನೆಯನ್ನು ಬಿಟ್ಟು ಹೋಗಿರಲಿಲ್ಲ.

ನಾನು ಆಳಂದದವಳು. ನಮ್ಮ ತಂದೆ ಅಲ್ಲಿಯ ಸರಕಾರಿ ದವಾಖಾನೆಯಲ್ಲಿ ಕಂಪೌಂಡರು. ಔಷಧದ ಶೀಶೆಗೆ ಕಾಗದದ ಗೆರೆ ಅಂಟಿಸಿ, ಒಂದು ಸಲಕ್ಕೆ ಇಷ್ಟೇ ಎಂದು ಹೇಳಿ ಹೇಳಿ ರೂಢಿಯಾದ ಮನುಷ್ಯ. ಸೋದರಮಾವ ರೈಲ್ವೆ ಕೆಲಸದಲ್ಲಿ ಸಿಕಂದರಾಬಾದಿನಲ್ಲಿದ್ದುದರಿಂದ ನನ್ನನ್ನು ಅಲ್ಲಿಯ ಕಾನ್ವೆಂಟಿಗೆ ಹಾಕಿದರು. ಊರಿನಲ್ಲಿ ಇದು ದೊಡ್ಡ ಸುದ್ದಿಯಾಗಿತ್ತು. ಮದುವೆಯ ಮಾತು ಬಂದಾಗ ನಮ್ಮ ಅತ್ತೆ ಕೇಳಿದ ಮೊದಲ ಪ್ರಶ್ನೆಯೇ, “ಹುಡಿಗಿ ರೊಟ್ಟಿ ಬಡೀತಾಳೋ, ಬರೇ ಪುಸ್ತಕಾ ಬಡೀತಾಳೋ?” ಎಂಬುದು.

ನಾನು ಎರಡೂ ಬಡಿಯುತ್ತಿದ್ದೆ. ಆದರೆ ದನಿ ಎತ್ತುತ್ತಿರಲಿಲ್ಲ. ಕಾನ್ವೆಂಟಿನಲ್ಲಿ ಕಲಿಸಿದ್ದು ಮೊದಲು ಅದನ್ನೇ: ಬಾಗಿಲನ್ನು ಸಪ್ಪಳವಾಗದಂತೆ ಮುಚ್ಚುವುದು, ಮೆಲ್ಲಗೆ ಮಾತಾಡುವುದು, ಕುರ್ಚಿಯನ್ನು ಎಳೆಯದೆ ಎತ್ತಿ ಇಡುವುದು. ಹಾಗಾಗಿ ಮಣ್ಣೂರಿನಲ್ಲಿ ನನಗೆ ಬಹಳ ಬೇಗ ‘ಸಾದಾ ಸೊಸಿ’ ಎಂಬ ಹೆಸರು ಬಂತು. ಆ ಹೆಸರು ಮೂರು ವರ್ಷ ಉಳಿಯಿತು.

ಕಾನ್ವೆಂಟಿನಲ್ಲಿ ಭೂಗೋಳ ಕಲಿಸುತ್ತಿದ್ದವರು ವಯಸ್ಸಾದ ಒಬ್ಬ ಸಿಸ್ಟರ್. ತೋಳಿನ ಒಳಗೆ ಕರವಸ್ತ್ರ ಸಿಕ್ಕಿಸಿಕೊಂಡಿರುತ್ತಿದ್ದರು. ಹರೆಯದಲ್ಲಿ ಹಡಗು ಹತ್ತಿ ಸಮುದ್ರ ದಾಟಿ ಬಂದವರು. ಬಂದರುಗಳ ಪಾಠದ ದಿನ ಅವರು ಕರಿಹಲಗೆಯ ಮೇಲೆ ಒಂದು ಹಡಗಿನ ಹೊಟ್ಟೆ ಬರೆದರು. ಅದರ ನಡುವೆ ಒಂದು ಉಂಗುರ, ಉಂಗುರದ ಮಧ್ಯೆ ಹಾಯ್ದ ಅಡ್ಡಗೆರೆ, ಪಕ್ಕದಲ್ಲಿ ಬಾಚಣಿಕೆಯ ಹಲ್ಲಿನಂತೆ ಇನ್ನಷ್ಟು ಗೆರೆಗಳು. ಸರಕು ಹೇರುತ್ತ ಹೋದಂತೆ ಹಡಗು ಕೆಳಗಿಳಿಯುತ್ತದೆ. ನೀರು ಈ ಗೆರೆಗೆ ಬಂತೆಂದರೆ ಮುಗಿಯಿತು, ಒಂದು ಮೂಟೆಯನ್ನೂ ಮತ್ತೆ ಹತ್ತಿಸುವಂತಿಲ್ಲ ಎಂದರು. ಹಾಗಾದರೆ ಅಷ್ಟೊಂದು ಗೆರೆ ಏಕೆ ಎಂದು ಯಾರೋ ಕೇಳಿದರು. ಎಲ್ಲ ಕಾಲದ ನೀರು ಒಂದೇ ಅಲ್ಲವಲ್ಲ! ಬೇಸಗೆಯ ಶಾಂತ ಸಮುದ್ರಕ್ಕೆ ಮೇಲಿನ ಗೆರೆ, ಚಳಿಗಾಲದ ಬಿರುಗಾಳಿಗೆ ಕೆಳಗಿನದು. ಸಿಹಿನೀರಿನಲ್ಲಿ ಹಡಗು ಇನ್ನಷ್ಟು ಮುಳುಗುತ್ತದಾದ್ದರಿಂದ ಅದಕ್ಕೆ ಬೇರೆಯೇ ಒಂದು. ಮೊದಮೊದಲು ಗೆರೆ ಎಲ್ಲಿ ಎಳೆಯಬೇಕೆಂಬುದನ್ನು ಹಡಗಿನ ಒಡೆಯರಿಗೇ ಬಿಟ್ಟಿದ್ದರಂತೆ. ಒಬ್ಬ ಕಪ್ತಾನ ಹೊಗೆಕೊಳವೆಯ ಮೇಲೆ ಎಳೆಸಿದ್ದನಂತೆ! ನಾವೆಲ್ಲ ನಕ್ಕೆವು. ಸಿಸ್ಟರ್ ನಗಲಿಲ್ಲ.

ಇಷ್ಟು ಕಲಿತವಳು ಮೊದಲ ಸಲ ಮಣ್ಣೂರ ದೋಣಿ ಹತ್ತಿದಾಗ ನೋಡಿದ್ದೇನು? ದೋಣಿಯ ಅಂಚಿನ ಮೇಲೆ ಕೈ ಇಟ್ಟು ಕೂತಿದ್ದೆ. ಹೊಳೆಯ ನಡುವೆ ಬಂದಾಗ ನನ್ನ ಬಳೆಗಳು ನೀರಿಗೆ ತಾಗಿದವು. ಸುತ್ತ ಕೂತವರು ಸಂತೆಯ ಮಾತಾಡುತ್ತಿದ್ದರು, ಒಬ್ಬಾಕೆ ಕೂಸಿಗೆ ಹಾಲು ಕುಡಿಸುತ್ತಿದ್ದಳು, ಎರಡು ಆಡುಗಳು ಮೂಟೆಯ ಮೇಲೆ ನಿಂತು ಹುಲ್ಲು ಮೆಲ್ಲುತ್ತಿದ್ದವು. ಬಳೆಗೆ ನೀರು ತಾಗಿದ್ದು ಯಾರಿಗೂ ವಿಶೇಷವೆನಿಸಲಿಲ್ಲ.

ದೋಣಿ ನಡೆಸುತ್ತಿದ್ದವನು ವಯಸ್ಸಾದ ಅಂಬಿಗ. ಮನೆಮಂದಿಯೆಲ್ಲ ಅವನನ್ನು ಕಾಕಾ ಎನ್ನುತ್ತಿದ್ದರು, ನಾನೂ ಹಾಗೆಯೇ ಅಂದೆ. ಐವತ್ತು ವರ್ಷ ಆ ನೀರಿನ ಮೇಲೆ ಕಳೆದವನು ನೀರನ್ನು ನೋಡಿ ದೋಣಿ ಬಿಡುತ್ತಿರಲಿಲ್ಲ. ನಮ್ಮ ಮಾವನವರ ಕೈ ನೋಡಿ ಬಿಡುತ್ತಿದ್ದ. ಮಾವನವರು ದಂಡೆಯ ಬೇವಿನ ಕೆಳಗೆ ಕಂಬಳಿ ಹಾಸಿಕೊಂಡು ಅಡಿಕೆ ಕತ್ತರಿಸುತ್ತ ಕೂಡುತ್ತಿದ್ದರು. ಇನ್ನು ಹತ್ತುವವರಿಲ್ಲ ಎನ್ನಿಸಿದಾಗ ಅಡಕೊತ್ತು ಮೇಲೆತ್ತುತ್ತಿದ್ದರು. ಅಡಕೊತ್ತು ಏಳುವವರೆಗೆ ಎಷ್ಟು ಜನ ಬಂದರೂ ದೋಣಿಯಲ್ಲಿ ಜಾಗವಿದೆ ಎಂದೇ ಅರ್ಥ.

ಇದರ ಬಗ್ಗೆ ಮಾವನವರ ಜೊತೆ ಮಾತಾಡುವಂತಿರಲಿಲ್ಲ. ಆ ಮನೆಯಲ್ಲಿ ಸೊಸೆ ಮಾವನ ಎದುರು ನಿಂತು ಮಾತಾಡುವ ಪದ್ಧತಿಯೇ ಇರಲಿಲ್ಲ. ಏನಾದರೂ ಹೇಳಬೇಕಾದರೆ ಅತ್ತೆಗೆ ಹೇಳಬೇಕು; ಅತ್ತೆ ಇಲ್ಲದಿದ್ದರೆ ಕಂಬಕ್ಕೋ ಗೋಡೆಗೋ ಹೇಳಬೇಕು. ‘ಊಟಕ್ಕ ಬಡಿಸೀನಿ’ ಎಂದು ನಾನು ಎಷ್ಟೋ ಸಲ ಬಾಗಿಲ ಚೌಕಟ್ಟಿಗೆ ಹೇಳಿದ್ದೇನೆ. ಅವರೂ ಹಾಗೆಯೇ, ‘ಆಕಿಗೆ ಹೇಳು, ಉಪ್ಪು ಕಡಿಮಿ ಆಗ್ಯದ’ ಎಂದು ಗಾಳಿಗೆ ಹೇಳುತ್ತಿದ್ದರು.

ಹಾಗಾಗಿ ನಾನು ಅತ್ತೆಯಿಂದ ಶುರುಮಾಡಿದೆ. ಒಂದು ಮಧ್ಯಾಹ್ನ ಹಿತ್ತಲಲ್ಲಿ ದನಗಳಿಗೆ ನೀರು ತುಂಬಿಡುವ ದೋಣಿಕಲ್ಲಿನಲ್ಲಿ ಒಂದು ಹಿತ್ತಾಳೆ ಬೋಗಾಣಿ ತೇಲಿಬಿಟ್ಟೆ.

“ಏನ್ ಆಟ ಹಚ್ಚೀ ಬೇ? ಸಣ್ಣ ಕೂಸಿನಂಗ ನೀರಾಗ ಆಡಾಕತ್ತೀ,” ಎಂದರು ಅತ್ತೆ.

“ಇದು ನಮ್ಮ ದೋಣಿ ಅಂತ ತಿಳಕೋರಿ ಅತ್ತೀ. ಒಂದೊಂದ ಹಿಡಿ ಜ್ವಾಳ ಹಾಕ್ತಾ ಹೋಗ್ರಿ.”

ಅವರಿಗೂ ಬೇಸರವಾಗಿತ್ತೇನೋ, ಕೂತರು. ಹಿಡಿ ಹಿಡಿಯಾಗಿ ಜೋಳ ಹಾಕಿದರು. ಬೋಗಾಣಿ ಇಳಿಯುತ್ತ ಇಳಿಯುತ್ತ ಅಂಚು ನೀರಿನಿಂದ ಒಂದೇ ಬೆರಳು ಮೇಲೆ ಉಳಿಯಿತು.

“ಮುಳಗಿತೇನ್ರಿ?”

“ಎಲ್ಲಿ ಮುಳಗ್ಯದ? ಇನ್ನೂ ಒಂದ್ ಹಿಡಿ ಹಿಡೀತದ.” ಹಾಕಿದರು. ಬೋಗಾಣಿ ಆಗಲೂ ತೇಲಿತು. “ನೋಡಿದೇನು? ನಿಮ್ಮ ಮಾವ ಸುಮ್ನ ಹೇಳಂಗಿಲ್ಲ. ಅವರಿಗೆ ಎಲ್ಲಾ ಗೊತ್ತದ.”

ನಾನು ಅಂಗೈಯಿಂದ ನೀರನ್ನು ಮೆಲ್ಲಗೆ ಆಚೀಚೆ ಆಡಿಸಿದೆ. ಜೋರಾಗಿ ಅಲ್ಲ, ಹೊಳೆ ಬಂದಾಗ ಆಗುವಷ್ಟು. ಬೋಗಾಣಿಯ ಒಂದು ಅಂಚು ನೀರು ಕುಡಿಯಿತು, ಇನ್ನೊಂದು ಎದ್ದಿತು, ಮರುಗಳಿಗೆಯಲ್ಲಿ ಜೋಳವೆಲ್ಲ ಕಲ್ಲಿನ ತಳದಲ್ಲಿತ್ತು.

ಅತ್ತೆ ಬಗ್ಗಿ ಕಲ್ಲಿನ ತಳ ನೋಡಿದರು. ಆಮೇಲೆ, “ಜ್ವಾಳ ಎಲ್ಲಾ ನೆನಸಿದೆಲ್ಲ ಖೋಡಿ, ಈಗ ಇದನ್ನ ಯಾರ ತಿನ್ನಬೇಕು?” ಎಂದು ಬೈದರು. ಬೈಯುತ್ತಲೇ ತಳಕ್ಕೆ ಕೈ ಹಾಕಿ ಕಾಳು ಬಾಚುತ್ತಿದ್ದವರು ತಮಗೆ ತಾವೇ ಅಂದಂತೆ ಅಂದರು: “ನಾ ಸಣ್ಣಾಕಿ ಇದ್ದಾಗ ನಮ್ಮ ತವರ ಊರಾಗ ಒಂದ್ ದೋಣಿ ಹಿಂಗ…” ನಾನೂ ಕಾಳು ಬಾಚುತ್ತ, ನಮ್ಮ ದೋಣಿಗೂ ಬೇಸಗೆಗೊಂದು, ಮಳೆಗಾಲಕ್ಕೊಂದು ಗೆರೆ ಬರೆಯುತ್ತೇನೆ ಎಂದೆ.

ಅದೇ ಸಂಜೆ ಅವರು ಮಾವನವರಿಗೆ ಹೇಳಿದ್ದನ್ನು ನಾನು ಒಳಗಿನಿಂದ ಕೇಳಿಸಿಕೊಂಡೆ. “ಸೊಸಿ ದೋಣಿಗೆ ಎರಡ ಗೆರಿ ಬರೀತಾಳಂತ. ಬರೀಲೇನು?”

“ರಂಗೋಲಿ ಹಾಕ್ತಾಳೇನು?” ಮಾವನವರು ನಕ್ಕರು. “ಹಾಕ್ಲಿ ಬಿಡು. ದೋಣಿ ಚಂದ ಕಾಣ್ತದ.”

ನನಗೆ ಅಷ್ಟೇ ಬೇಕಾಗಿತ್ತು. ಚಂದಕ್ಕೆ ಎಂದುಕೊಂಡರೂ ಸರಿ, ಗೆರೆ ಗೆರೆಯೇ.

ಎರಡನೇ ಮಹಾಯುದ್ಧ ಶುರುವಾದ ಹೊಸತು, ಬಣ್ಣದ ಡಬ್ಬಿ ಎಲ್ಲಿಯೂ ಸಿಗುತ್ತಿರಲಿಲ್ಲ. ನಮ್ಮವರು ಆಗ ಜೇವರ್ಗಿಯಲ್ಲಿ ತಹಶೀಲು ಕಚೇರಿಯ ಕಾರಕೂನರಾಗಿದ್ದರು, ತಿಂಗಳಿಗೆ ಎರಡು ಸಲ ಮನೆಗೆ ಬರುತ್ತಿದ್ದರು. ಅವರು ಬರುವ ದಾರಿಯಲ್ಲಿ ಅಫಜಲಪುರದ ಅಂಗಡಿಯಿಂದ ಒಂದು ಪೊಟ್ಟಣ ಸಫೇದಾ ಪುಡಿ ತಂದುಕೊಟ್ಟರು. ಅದನ್ನು ಅಗಸೆ ಎಣ್ಣೆಯಲ್ಲಿ ಕಲಸಿದೆ. ಹಾಲಿನ ಕೆನೆಯಂಥ ಬಿಳಿ ಬಣ್ಣವಾಯಿತು. ಚೈತ್ರದಲ್ಲಿ ದೋಣಿಯನ್ನು ದಂಡೆಗೆ ಎಳೆದು, ಸಂದಿಗೆ ನಾರು ತುಂಬಿ, ಡಾಂಬರು ಬಳಿದು ಒಣಗಿಸುವ ಕೆಲಸ ನಡೆದಿತ್ತು. ಡಾಂಬರು ಆರಿದ ಮೇಲೆ ಕಾಕಾನನ್ನು ಕೇಳಿದೆ, “ಎಲ್ಲಿ ಬರೀಲಿ ಕಾಕಾ? ನಿಮಗ ಗೊತ್ತಿರ್ತದ.”

ಅವನು ಆಚೀಚೆ ನೋಡಿದ. ಬೇವಿನ ಕೆಳಗೆ ಮಾವನವರು ಇರಲಿಲ್ಲ. ದೋಣಿಯ ಮೈಮೇಲೆ ದಪ್ಪ ತಲೆಯ ಕಬ್ಬಿಣದ ಮೊಳೆಗಳು ಮೇಲಿನಿಂದ ಕೆಳಕ್ಕೆ ಸಾಲಾಗಿ ಇದ್ದವು. ಕಾಕಾ ಯೋಚನೆಯನ್ನೇ ಮಾಡಲಿಲ್ಲ. ಮೂರನೇ ಮೊಳೆಯ ಮೇಲೆ ಬೆರಳಿಟ್ಟು, “ಬ್ಯಾಸಗ್ಯಾಗ ಇಲ್ಲೀತನ,” ಎಂದ. ಆಮೇಲೆ ಬೆರಳನ್ನು ಐದನೇ ಮೊಳೆಗೆ ಇಳಿಸಿದ. “ಹೊಳಿ ಬಂದಾಗ ಇಲ್ಲೀತನ. ಇದರ ಮ್ಯಾಲ ನೀರು ಬಂದ್ರ ನನ್ನ ಎದಿ ಹೊಡಕೊಳ್ಳಾಕತ್ತದ ಯವ್ವಾ.”

“ಹಂಗಾರ ಇಷ್ಟ ವರ್ಷ ಯಾಕ ಹೇಳ್ಲಿಲ್ರಿ?”

“ಯಾರಿಗೆ ಹೇಳ್ಲಿ? ಎದಿ ಹೊಡಕೊಂಡಿದ್ದು ಧಣಿಗಿ ತೋರಸಾಕ ಬರ್ತದೇನು?”

ಆ ಎರಡು ಗೆರೆಗಳು ಕಾಕಾನವು. ನಾನು ಬರೀ ಬಣ್ಣ ಹಚ್ಚಿದವಳು. ಇದನ್ನು ಬರೆದಿಡಬೇಕೆಂದು ಬಹಳ ದಿನದಿಂದ ಮನಸ್ಸಿನಲ್ಲಿತ್ತು, ಯಾಕೆಂದರೆ ಮುಂದಿನ ವರ್ಷಗಳಲ್ಲಿ ಎಲ್ಲರೂ ಅದನ್ನು ‘ಇಂಗ್ರೇಜಿ ಗೆರಿ’ ಎಂದು ಕರೆದರು.

ತಪ್ಪು ಮಾಡಿದ್ದು ಅದರ ಮರುದಿನ, ಮತ್ತು ಅದು ನನ್ನದೇ ತಪ್ಪು. ದೋಣಿ ನೀರಿಗಿಳಿಸುವಾಗ ಅತ್ತೆ ಅರಿಶಿನ ಕುಂಕುಮದ ಬಟ್ಟಲು ಕೈಗೆ ಕೊಟ್ಟು, “ಹೊಸಾದು ಬರದೀದಿ, ಬರೇ ಬಿಡಬ್ಯಾಡ,” ಎಂದರು. ನಾನು ಎರಡು ಗೆರೆಗಳ ಮೇಲೂ ಒಂದೊಂದು ಬೊಟ್ಟು ಇಟ್ಟೆ. ನೋಡಿದ ಹೆಂಗಸರಿಗೆ ಬಹಳ ಸಂತೋಷವಾಯಿತು. ಹೊಳೆಯ ದೇವಿ ಗಂಗವ್ವನಿಗೆ ಸೊಸೆ ಹೊಸ್ತಿಲು ಬರೆದಿದ್ದಾಳೆ ಎಂದರು. ಅಂದಿನಿಂದ ಪ್ರತಿ ಸೋಮವಾರ ಹೊಳೆಗೆ ಬಂದವರು ಮನೆಯ ಹೊಸ್ತಿಲಿಗೆ ಹಚ್ಚಿದಂತೆ ದೋಣಿಯ ಗೆರೆಗೂ ಎಣ್ಣೆಯಲ್ಲಿ ಕಲಸಿದ ಅರಿಶಿನ ಹಚ್ಚಿ, ಕುಂಕುಮ ಇಟ್ಟು ಕೈಮುಗಿದು ಹೋಗತೊಡಗಿದರು. ನಿಜ ಹೇಳುತ್ತೇನೆ, ನನಗೆ ಹೆಮ್ಮೆಯಾಯಿತು. ನಾನು ಬರೆದದ್ದಕ್ಕೆ ಊರು ಕೈಮುಗಿಯುತ್ತಿದೆ! ಕೈಮುಗಿದ ಗೆರೆಯನ್ನು ದಾಟುವವರು ಯಾರು ಎಂದುಕೊಂಡೆ. ಬೇಸಗೆಯೆಲ್ಲ ಕಾಕಾ ಮೂರನೇ ಮೊಳೆಗೆ ನೀರು ಬಂದ ಕೂಡಲೇ ಗಳ ನೆಟ್ಟು ನಿಲ್ಲುತ್ತಿದ್ದ. ಮಾವನವರ ಅಡಕೊತ್ತು ಏಳುವ ಮೊದಲೇ, “ಗಂಗವ್ವನ ಗೆರಿಗೆ ಬಂತ್ರಿ ಧಣಿ,” ಎನ್ನುತ್ತಿದ್ದ. ದೇವರ ಹೆಸರು ಬಂದ ಮೇಲೆ ಮಾವನವರೂ ಸುಮ್ಮನಿರುತ್ತಿದ್ದರು.

ಶ್ರಾವಣದಲ್ಲಿ ಹೊಳೆ ಬಂತು.

ಅದೇ ಹೊತ್ತಿಗೆ ನನ್ನ ನಾದಿನಿಯನ್ನು ಗಂಡನ ಮನೆಗೆ ಕಳಿಸುವುದಿತ್ತು. ಚೊಚ್ಚಲ ಬಾಣಂತನಕ್ಕೆ ಬಂದವಳು, ಕೂಸಿಗೆ ಐದು ತಿಂಗಳಾಗಿತ್ತು. ಗಂಡನ ಮನೆ ಆಚೆ ದಂಡೆಯಿಂದ ಎರಡು ಹರದಾರಿ. ಸ್ವಾಮಿಗಳು ಗಳಿಗೆ ನೋಡಿ, ಹನ್ನೆರಡರ ಒಳಗೆ ಹೊಳೆ ದಾಟಬೇಕು ಎಂದಿದ್ದರು. ಅಂದು ಆಚೆಯ ಸಂತೆಯೂ ಹೌದು. ಮಾವನವರು ಆಚೆಯ ವ್ಯಾಪಾರಿಗೆ ಹದಿನಾರು ಚೀಲ ತೊಗರಿ ಕಳಿಸುವ ಮಾತು ಕೊಟ್ಟಿದ್ದರು, ಅದೂ ಅಂದೇ.

ನಾನು ಕೂಸಿನ ಕುಂಚಿಗೆ, ಬುತ್ತಿಯ ಗಂಟು ಹಿಡಿದುಕೊಂಡು ದಂಡೆಗೆ ಹೋದಾಗ ದೋಣಿ ತುಂಬಿತ್ತು. ಚೀಲಗಳೆಲ್ಲ ಹತ್ತಿದ್ದವು. ಅವುಗಳ ಮೇಲೆ, ನಡುವೆ, ಸಂತೆಗೆ ಹೋಗುವ ಜನ. ನಾದಿನಿ ನಡುವಿನ ಚೀಲದ ಮೇಲೆ ಕೂಸನ್ನು ಸೆರಗಿನಲ್ಲಿ ಸುತ್ತಿಕೊಂಡು ಕೂತಿದ್ದಳು. ಹೊಳೆ ಕೆಂಪಗೆ ತಿರುಗುತ್ತ ಹೋಗುತ್ತಿತ್ತು. ಒಂದು ಬೇರುಸಹಿತ ಜಾಲಿಗಿಡ ನೋಡುನೋಡುತ್ತಿದ್ದಂತೆ ಹಾದುಹೋಯಿತು.

ನಾನು ದೋಣಿಯ ಮೈ ನೋಡಿದೆ. ಅರಿಶಿನ ಕುಂಕುಮ ಕಾಣುತ್ತಿತ್ತು. ಕಾಕಾ ನನ್ನ ಕಣ್ಣು ನೋಡಿ, “ಚಿಂತಿ ಬ್ಯಾಡ ಯವ್ವಾ, ಗೆರಿ ಇನ್ನೂ ಒಣಾ ಅದ,” ಎಂದ.

ಸಮಾಧಾನವಾಗಿಯೇ ಬಿಟ್ಟಿತ್ತು. ಆದರೆ ಮೊಳೆಗಳ ಕಡೆ ಕಣ್ಣು ಹೋಯಿತು. ಮೇಲಿನಿಂದ ಒಂದು, ಎರಡು, ಮೂರು. ನಾಲ್ಕನೆಯದರ ತಲೆಯ ಮೇಲೆ ನೀರು ಆಡುತ್ತಿತ್ತು. ಐದನೆಯದು ಇಲ್ಲವೇ ಇಲ್ಲ.

ನೀರಿಗಿಳಿದು ಆ ಹಳದಿ ಪಟ್ಟಿಯನ್ನು ಉಗುರಿನಿಂದ ಕೆರೆದೆ. ಆಗ ತಿಳಿಯಿತು. ಹೆಂಗಸರು ಬರೀ ಗೆರೆಗಳಿಗೆ ಹಚ್ಚಿರಲಿಲ್ಲ. ಎರಡು ಗೆರೆಗಳ ನಡುವಿನ ಜಾಗ ಬೋಳಾಗಿ ಕಾಣುತ್ತದೆಂದು ಅದಕ್ಕೂ ಹಚ್ಚಿದ್ದರು. ವಾರದ ಮೇಲೆ ವಾರ ಎಣ್ಣೆ ಅರಿಶಿನ ಕೂಡಿ ಕೂಡಿ ಎರಡು ಗೆರೆ ಹೋಗಿ ಒಂದು ಗೇಣು ಅಗಲದ ಒಂದೇ ಪಟ್ಟಿಯಾಗಿತ್ತು. ಪಟ್ಟಿ ಕಾಣುವವರೆಗೆ ಹೇರಬಹುದೆಂದು ಕಾಕಾನೂ ನಂಬಿದ್ದ. ಬೇಸಗೆಯಲ್ಲಿ ಮೇಲಿನ ಗೆರೆ ಒಂದೇ ಬೇಕಾಗಿದ್ದರಿಂದ ಯಾರ ಕಣ್ಣಿಗೂ ಇದು ಬಿದ್ದಿರಲಿಲ್ಲ. ಮೊದಲ ಬೊಟ್ಟು ಇಟ್ಟವಳು ನಾನು.

“ಕಾಕಾ, ಈಗ ಕಾಣೂದು ಬ್ಯಾಸಗಿ ಗೆರಿ.”

“ಮಳಿಗಾಲದ್ದು?”

“ನೀರಾಗದ.”

ಕಾಕಾ ಬಗ್ಗಿ ನೋಡಿದ. ಅವನ ಕೈ ತಾನಾಗಿಯೇ ಎದೆಯ ಮೇಲೆ ಹೋಯಿತು.

“ಏನದು ತಡಾ?” ಬೇವಿನ ಕೆಳಗಿನಿಂದ ಮಾವನವರು ಕೂಗಿದರು. ಅಲ್ಲಿಗೆ ಹತ್ತು ಹೆಜ್ಜೆಯೂ ಇರಲಿಲ್ಲ.

ನಾನು ಸೆರಗು ಸರಿಮಾಡಿಕೊಂಡು ಕಾಕಾನಿಗೆ ಹೇಳಿದೆ, “ಮಾವಾರಿಗೆ ಹೇಳ್ರಿ ಕಾಕಾ. ಹೇರು ಹೆಚ್ಚಾಗ್ಯದ. ಚೀಲ ಇಳಸಬೇಕು.”

“ಧಣಿ, ಸಣ್ಣವ್ವ ಅಂತಾಳ—”

“ಕೇಳಸ್ತದ. ಆಕಿಗೆ ಹೇಳು, ಬ್ಯಾಸಗ್ಯಾಗ ದೋಣಿ ತಳಾ ತಾಗ್ತದಂತ ಕಡಿಮಿ ಹೇರ್ತೀವಿ. ಹೊಳಿ ತುಂಬಿದಾಗ ನೀರು ಹೆಚ್ಚು, ಹೇರೂ ಹೆಚ್ಚು. ನಮ್ಮಪ್ಪನ ಕಾಲದಿಂದ ಹಿಂಗೇ ಅದ. ಸಾಲಿ ಕಲ್ತವರು ಇದನ್ನ ಉಲ್ಟಾ ಹೇಳಾಕತ್ತಾರ.”

“ಯವ್ವಾ, ಧಣಿ ಅಂತಾರ—”

“ನೀರು ಆಳ ಆದ್ರ ಚೀಲದ ಭಾರ ಕಡಿಮಿ ಆಗ್ತದೇನು ಅಂತ ಕೇಳ್ರಿ. ಹೊಳಿ ಸುಮ್ನ ಮಲಗಿಲ್ಲ, ಅಲಿ ಏಳಾಕತ್ತಾವ. ಅಲಿ ಒಳಗ ಬರಬಾರದು ಅಂದ್ರ ಅಂಚು ಎತ್ತರ ಇರಬೇಕು.”

“ಧಣಿ—” ಕಾಕಾ ಬಾಯಿ ತೆರೆದವನು ಗಳವನ್ನೇ ನೀರಿಗೆ ಕುಟ್ಟಿದ. “ಏ, ನಾ ಅಂಬಿಗಾ ಏನ್ ಟಪಾಲಿನವಾ? ಇಬ್ರೂ ಇಲ್ಲೇ ಅದೀರಿ, ಇಬ್ರಿಗೂ ಕಿವಿ ಅದಾವ!”

ದೋಣಿಯವರೆಲ್ಲ ನಕ್ಕರು. ಮೂಟೆಯ ಮೇಲೆ ಬಳೆಯ ಬುಟ್ಟಿ ಇಟ್ಟುಕೊಂಡು ಕೂತಿದ್ದ ಬಳೆಗಾರ ಬೀಬಿ, “ಅರೇ, ಜಲ್ದಿ ಫೈಸಲಾ ಮಾಡ್ರಿ. ಸಂತಿ ಮುಗದ ಮ್ಯಾಲ ನಾ ಯಾರ ಕೈಗಿ ಬಳಿ ಇಡಿಸ್ಲಿ?” ಎಂದಳು.

“ಎರಡನೇ ಖೇಪ ಆಗಂಗಿಲ್ಲ,” ಮಾವನವರು ಈಗ ಎದ್ದು ನಿಂತಿದ್ದರು. “ಹೊಳಿ ಇನ್ನೂ ಏರಾಕತ್ತದ. ಹೋಗೂದೆಲ್ಲ ಒಮ್ಮೆಲೆ ಹೋಗಬೇಕು. ಗಳಿಗಿ ಮೀರಾಕತ್ತದಂತ ಆಕಿಗೆ ಹೇಳು.”

ಒಂದು ಮಾತು ಇಲ್ಲಿ ಹೇಳಬೇಕು. ನಮ್ಮ ಮಾವನವರು ಕೆಟ್ಟವರಾಗಿರಲಿಲ್ಲ. ಹೊಟ್ಟೆಯ ಮಗಳನ್ನು, ಮೊಮ್ಮಗಳನ್ನು ಅದೇ ದೋಣಿಯಲ್ಲಿ ಕೂರಿಸಿದ್ದರು. ಅವರಿಗಿದ್ದದ್ದು ನಂಬಿಕೆ. ಇದುವರೆಗೆ ಮುಳುಗಿಲ್ಲ ಎಂಬ ಒಂದೇ ಆಧಾರದ ನಂಬಿಕೆ. ಬೋಗಾಣಿಯೂ ಕೊನೆಯ ಹಿಡಿಯವರೆಗೆ ಮುಳುಗಿರಲಿಲ್ಲ.

ಅಡಕೊತ್ತು ಮೇಲೆದ್ದಿತು. ಕಾಕಾ ನನ್ನನ್ನೊಮ್ಮೆ ನೋಡಿ ಗಳ ಎತ್ತಿದ. ಅವನನ್ನು ನಾನು ದೂರುವುದಿಲ್ಲ. ಅಡಕೊತ್ತಿಗೆ ಐವತ್ತು ವರ್ಷ ಗಳ ಎತ್ತಿದ ಕೈ ಅದು.

ನಾನು ಮೊಣಕಾಲವರೆಗೆ ನೀರಿನಲ್ಲಿ ನಡೆದು ದೋಣಿಗೆ ತಾಗಿ ನಿಂತೆ. ನಾದಿನಿಗೆ ಎರಡೂ ಕೈ ಚಾಚಿ, “ಕೂಸಿನ್ನ ಕೊಡು ಬೇ,” ಎಂದೆ. ಕಡೆಯ ಸಲ ಮುದ್ದು ಮಾಡಲು ಕೇಳುತ್ತಿದ್ದೇನೆಂದು ತಿಳಿದು ಅವಳು ಬಗ್ಗಿ ಕೊಟ್ಟಳು. ನಾನು ಕೂಸನ್ನು ಎದೆಗವಚಿಕೊಂಡು ಹಿಂದೆ ಹಿಂದೆ ನಡೆದು ದಂಡೆಗೆ ಬಂದುಬಿಟ್ಟೆ.

“ವೈನೀ!” ನಾದಿನಿ ಚೀರಿದಳು.

ಕೈಯಲ್ಲಿ ಕೂಸು, ತಲೆಯ ಸೆರಗು ಜಾರಿತು. ಅದನ್ನು ಮೇಲೆಳೆದುಕೊಳ್ಳಲು ಕೈ ಇರಲಿಲ್ಲ. ಬರಿತಲೆಯಲ್ಲಿಯೇ ಮಾವನವರ ಮುಖ ನೋಡಿದೆ. ಮೂರು ವರ್ಷದಲ್ಲಿ ಅವರ ಕಣ್ಣಿನ ಬಣ್ಣ ಕಂದು ಎಂಬುದು ನನಗೆ ಆಗಲೇ ಗೊತ್ತಾದದ್ದು.

“ಮಾವಾರ,” ಎಂದೆ. “ಕೂಸು ನನ್ನ ಕಡೆ ಅದ. ಚೀಲ ಇಳಿಯೂತನಕ ನಾ ಕೊಡಂಗಿಲ್ರಿ. ಗಳಿಗಿ ಮೀರಿದ್ರ ಇನ್ನೊಂದ್ ಗಳಿಗಿ ಬರ್ತದ. ಬೇಕಂದ್ರ ನನ್ನ ಆಳಂದಕ್ಕ ಕಳಸ್ರಿ. ಕೂಸು ಮಾತ್ರ ಈ ಹೇರಿನ ಮ್ಯಾಲ ಹೋಗಂಗಿಲ್ಲ.”

ದಂಡೆಯ ಮೇಲೆ ಬಟ್ಟೆ ಒಗೆಯುತ್ತಿದ್ದವರೂ ಒಗೆಯುವುದನ್ನು ನಿಲ್ಲಿಸಿದರು. ಅತ್ತೆ ಬಾಯಿಗೆ ಸೆರಗು ಒತ್ತಿಕೊಂಡು ಬೇವಿಗೆ ಒರಗಿ ನಿಂತಿದ್ದರು, ನನ್ನನ್ನು ಬೈಯಲಿಲ್ಲ. ಅದೂ ಮಾವನವರಿಗೆ ಕಂಡಿರಬೇಕು.

ಮೊದಲು ಕದಲಿದವಳು ಬಳೆಗಾರ ಬೀಬಿ. ಬುಟ್ಟಿಯನ್ನು ತಲೆಯ ಮೇಲಿಟ್ಟುಕೊಂಡು ನೀರಿಗಿಳಿದಳು. “ನಾ ಮುಂದಿನ ವಾರ ಹೋಗ್ತೇನಿ. ಬಳಿ ಒಡದ್ರ ಮತ್ತ ಸಿಗ್ತಾವ,” ಎನ್ನುತ್ತ ನನ್ನ ಪಕ್ಕಕ್ಕೆ ಬಂದು ನಿಂತು, ನನ್ನ ಸೆರಗನ್ನು ಎತ್ತಿ ತಲೆಯ ಮೇಲೆ ಹಾಕಿದಳು. ಅವಳ ಹಿಂದೆ ನಾದಿನಿ ಎದ್ದು ನಿಂತಳು. ಕೂಸಿಲ್ಲದೆ ಅವಳು ಹೋಗುವುದೆಲ್ಲಿಗೆ?

ಮಾವನವರು ಅಡಕೊತ್ತನ್ನು ಜೇಬಿಗೆ ಹಾಕಿಕೊಂಡರು. ಆಮೇಲೆ ನನ್ನನ್ನೇ ನೋಡಿ, ನನಗೇ ಕೇಳಿದರು. “ಎಷ್ಟ್ ಚೀಲ?”

“ಚೀಲದ ಲೆಕ್ಕ ನನಗ ಗೊತ್ತಿಲ್ರಿ. ಐದನೇ ಮೊಳಿ ಕಾಣೂತನಕ.”

ಒಂದೊಂದೇ ಚೀಲ ಇಳಿಯಿತು. ಪ್ರತಿ ಚೀಲಕ್ಕೂ ದೋಣಿ ಕೂದಲೆಳೆಯಷ್ಟು ಮೇಲೇಳುತ್ತಿತ್ತು. ಕಾಕಾ ಬಗ್ಗಿ ನೋಡಿ ತಲೆಯಾಡಿಸುತ್ತಿದ್ದ, ಇನ್ನೂ ಇಲ್ಲ, ಇನ್ನೂ ಇಲ್ಲ. ಅಷ್ಟರಲ್ಲಿ ಕೂಸು ನನ್ನ ಸೀರೆಯನ್ನು ಚೆನ್ನಾಗಿ ಒದ್ದೆ ಮಾಡಿ ನಗುತ್ತಿತ್ತು. ಏಳನೆಯ ಚೀಲ ದಂಡೆಗೆ ಬಿದ್ದಾಗ ಕಾಕಾ, “ಕಾಣ್ತು!” ಎಂದು ಕೂಗಿದ. ಸಂತೆಯ ಮಂದಿಯನ್ನು ಇಳಿಸುವ ಪ್ರಸಂಗ ಬರಲಿಲ್ಲ. ನಾನು ನೀರಿಗಿಳಿದು ಮೊಳೆಯ ತಲೆಯನ್ನು ಮುಟ್ಟಿ ನೋಡಿ ಆಮೇಲೆ ಕೂಸನ್ನು ತಾಯಿಗೆ ಕೊಟ್ಟೆ. ಅವಳು ನನ್ನ ಮುಖ ನೋಡಲಿಲ್ಲ. ಕಸಿದುಕೊಂಡಂತೆ ತೆಗೆದುಕೊಂಡಳು.

ದೋಣಿ ಹೋಯಿತು. ಆಚೆ ದಂಡೆಯಲ್ಲಿ ಕಾಕಾ ರುಮಾಲು ಬೀಸುವವರೆಗೆ ನಾನು ಕೂಡಲಿಲ್ಲ. ಅವನು ಖಾಲಿ ದೋಣಿ ತಂದು ಕಟ್ಟುವ ಹೊತ್ತಿಗೆ ಹೊಳೆ ಇನ್ನೂ ಏರಿತ್ತು. ಮಾವನವರು ಹೇಳಿದ್ದು ನಿಜ, ಎರಡನೇ ಖೇಪು ಸಾಧ್ಯವಾಗಲಿಲ್ಲ.

“ನಡೂ ಹೊಳ್ಯಾಗ ಒಂದ್ ಅಲಿ ಬಂದು ಅಂಚಿನ ಮ್ಯಾಲಿಂದ ಒಳಗ ಇಣಿಕಿ ಹ್ವಾತ್ರಿ ಧಣಿ,” ಎಂದ ಕಾಕಾ.

“ಇಣಿಕಿ ಹ್ವಾತಲ್ಲ? ಒಳಗೇನ್ ಬಂದಿಲ್ಲಲ್ಲ?” ಎಂದರು ಮಾವನವರು.

ಇದೇ ಇಂಥ ಗೆರೆಗಳ ಹಣೆಬರಹ. ಮುಳುಗದ ದೋಣಿಯನ್ನು ಸಾಕ್ಷಿಗೆ ಕರೆಯಲು ಬರುವುದಿ‌ಲ್ಲ. ಹದಿನಾರು ಚೀಲದೊಡನೆ ಹೋಗಿದ್ದರೂ ದಾಟುತ್ತಿತ್ತು ಎಂದು ಮಾವನವರು ಕೊನೆಯವರೆಗೂ ಹೇಳಿದರು. ದಾಟುತ್ತಿತ್ತೋ ಏನೋ. ನಾನು ಆ ವಾದಕ್ಕೆ ಹೋಗುವವಳೇ ಅಲ್ಲ. ದಾಟುತ್ತದೋ ಇಲ್ಲವೋ ಎಂದು ಕೂಸಿನ ಮೇಲೆ ಪರೀಕ್ಷೆ ಮಾಡುವುದು ಬೇಡ ಎಂದೆ, ಅಷ್ಟೇ.

ಮುಂದಿನ ವಾರ ಖುರಪಿ ತೆಗೆದುಕೊಂಡು ಹೋಗಿ ಆ ಹಳದಿ ಪಟ್ಟಿಯನ್ನು ಕೆರೆಯಲು ಕೂತೆ. ಈ ಸಲ ಹೆಂಗಸರು ತಿರುಗಿಬಿದ್ದರು. “ಗಂಗವ್ವನ ಕುಂಕುಮಾ ಕೆರೀತಾಳಲ್ಲ, ಇಕಿ ಕೈಗೆ ಏನ್ ಬಂದದ!” ಎಂದು ಒಬ್ಬಾಕೆ ಎದೆ ಬಡಿದುಕೊಂಡಳು. “ಮೂತಿ ಕಡಿ ಹಚ್ಚ್ರಿ ಯವ್ವಾ, ದೋಣಿ ಮೂತಿ ಪೂರ್ತಿ ನಿಮ್ಮದು. ಇದು ಮಾತ್ರ ಬರೇ ಇರಬೇಕು,” ಎಂದೆ. ಆಕೆ ಒಪ್ಪಲಿಲ್ಲ. ಎರಡು ಸೋಮವಾರ ಆಕೆ ಹಚ್ಚಿದಳು, ಎರಡು ಮಂಗಳವಾರ ನಾನು ಕೆರೆದೆ. ಮೂರನೆಯ ವಾರ ಆಕೆ ಗೊಣಗುತ್ತ ಮೂತಿಯ ಕಡೆಗೆ ನಡೆದಳು.

ದಂಡೆಯಲ್ಲಿಳಿಸಿದ ಚೀಲಗಳ ಕಥೆ ಬೇರೆ. ನಾದಿನಿ ಹೋದ ದಿನ ಮಧ್ಯಾಹ್ನ ಹಿಡಿದ ಮಳೆ ಎರಡು ದಿನ ಬಿಡಲಿಲ್ಲ. ಎರೆಮಣ್ಣಿನಲ್ಲಿ ಬಂಡಿ ಹೂತು ಚೀಲಗಳು ಮನೆ ಸೇರುವಾಗ ತಳದ ಎರಡು ಚೀಲ ಪೂರ್ತಿ ನೆನೆದಿದ್ದವು. ನಾಲ್ಕನೆಯ ದಿನ ಮಾವನವರು ಅದರಲ್ಲೊಂದನ್ನು ಪಡಸಾಲೆಯಲ್ಲಿ ಸುರುವಿದರು. ತೊಗರಿಯೆಲ್ಲ ಬೆಳ್ಳಗೆ ಮೊಳಕೆಯೊಡೆದಿತ್ತು. ಅವರು ಈಗ ಕಂಬಕ್ಕೆ ಹೇಳಲಿಲ್ಲ. ಅಡಿಗೆಮನೆಯ ಬಾಗಿಲಿಗೆ ಬಂದು, “ನೋಡಿದೇನು, ನಿನ್ನ ಗೆರಿ ಹೆಂಗ ಮೊಳಕಿ ಒಡದದ?” ಎಂದರು.

“ನೋಡೇನ್ರಿ,” ಎಂದೆ. ಒಂದು ಮೊರದ ತುಂಬ ಆ ಕಾಳು ತುಂಬಿಕೊಂಡು ಒಳಗೆ ಹೋದೆ. ಬೇಯಿಸಿ, ಒಗ್ಗರಣೆಗೆ ಬಳ್ಳೊಳ್ಳಿ, ಒಣಮೆಣಸಿನಕಾಯಿ ಹಾಕಿ ಉಸುಳಿ ಮಾಡಿದೆ. ರೊಟ್ಟಿಯ ಜೊತೆ ಮೊದಲು ಅವರ ಗಂಗಾಳಕ್ಕೇ ಬಡಿಸಿದೆ. ಕೈ ತಡೆಯಲಿಲ್ಲ, ತಲೆ ತಗ್ಗಿಸಲಿಲ್ಲ. ನಾಳೆಯೂ ಅದೇ, ನಾಡಿದ್ದೂ ಅದೇ ಎಂದು ಅತ್ತೆ ಹೇಳಿದರು, ಕಾಳು ಅಷ್ಟಿತ್ತು.

ಮಾವನವರು ಎರಡು ತುತ್ತು ತಿಂದು ನಿಲ್ಲಿಸಿದರು.

“ಮುಂದಿನ ಹೊಳಿಗೆ?” ಎಂದು ಕೇಳಿದರು. “ಆಗ ಏನ್ ಮಾಡ್ತೀ?”

“ಐದನೇ ಮೊಳಿ ಮುಳುಗಿದ್ರ ಮತ್ತ ಇಳಸ್ತೇನ್ರಿ, ಮಾವಾರ.”

ಅವರು ರೊಟ್ಟಿ ಮುರಿದರು. ನಾನು ಇನ್ನೊಂದು ಸೌಟು ಉಸುಳಿ ಬಡಿಸಿ, ಅವರು ತಿಂದು ಮುಗಿಸುವವರೆಗೆ ಅಲ್ಲಿಯೇ, ಎದುರಿಗೇ ನಿಂತುಕೊಂಡಿದ್ದೆ.